ತೂಕದ ಚೀಟಿ

ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಸೋಮವಾರ, ಗುರುವಾರ
ಚೀಲ ಬಿಚ್ಚಿ ಸುರದ್ರ ನೆಲಾನ ಕೆಂಪ.
ಡಬ್ಬಿ ಬ್ಯಾರೆ, ಕಡ್ಡಿ ಬ್ಯಾರೆ, ಜಾತಿ ನೋಡಿ ರೇಟು.
ಖರೀದಿದಾರ ಒಂದ ಕಾಯಿ ಮುರೀತಾನ, ಮೂಸತಾನ,
ಬೀಜ ಎಣಿಸಿದಂಗ ಮಾಡಿ ಒಗೀತಾನ.
ಆ ಒಗದ ಕಾಯಿಗೂ ಲೆಕ್ಕ ಐತಿ ಇಲ್ಲೆ.
ತೂಕದ ಮಾಬುಸಾಬ ಚೀಟಿ ಬರೀತಾನ:
ಯಾರ ಮಾಲು, ಎಷ್ಟ ಕಿಲೋ, ಯಾರು ತಗೊಂಡ್ರು.
ಹದಿನೇಳು ವರ್ಷ ಆತು ನಾನು ಇಲ್ಲೆ ತುಂಬು ಮುರ್ಯಾಕ ಕುಂತು.
ಚೀಟಿ ಇಲ್ಲದ ಒಂದ ಚೀಲ ಗೇಟು ದಾಟಿದ್ದ ನೋಡಿಲ್ಲ.

ಮನ್ಯಾಗ ನೋಡೀನಿ.

ದಾನೇಶ್ವರಿ, ನನ್ನ ಮಗಳು, ಎಂಟನೇತ್ತೆ.
ಫೋನು ನಾನ ಕೊಡಿಸಿದ್ದು, ಸುಳ್ಳ್ಯಾಕ ಹೇಳಲಿ,
ಸೀಜನ್ ಮುಗದಾಗ, ಕೈಯಾಗಿನ ರೊಕ್ಕದಾಗ, ಸೆಕೆಂಡ್ ಹ್ಯಾಂಡು.
ಸಾಲಿ ಹೋಮ್‌ವರ್ಕು ಅದರಾಗ ಬರತೈತಿ ಅಂದ್ಲು. ಬರತಿತ್ತು, ಖರೆ.
ಅದರ ಬೆನ್ನ ಹತ್ತಿ ಏನೇನ ಬಂತು ಅನ್ನೂದು ತಡಾ ಮಾಡಿ ತಿಳೀತು.
ನನಗ ಓದಾಕ ಬರಂಗಿಲ್ಲ.

ಮೊದಲ ಒಂದ ಡ್ಯಾನ್ಸು ನೋಡಿದ್ಲು.
ಅದು ಇನ್ನೊಂದ ತೋರಿಸ್ತು, ಅಕಿಗಿಂತ ತೆಳ್ಳಗಿನಾಕಿ.
ಆಮ್ಯಾಲ ಅಕಿಗಿಂತ ಬೆಳ್ಳಗಿನಾಕಿ.
ಆಮ್ಯಾಲ, ಮೂರ ದಿನ ಉಣಲಾರದ ಹ್ಯಾಂಗ ಇರಬೇಕು ಅಂತ ಕಲಸಾಕಿ.
ಮಗಳ ಹೆಬ್ಬೆಟ್ಟು ಎಲ್ಲೆ ಒಂದ ಗಳಿಗಿ ನಿಂತಿತೋ
ಅಲ್ಲೆ ಮೂಸ್ಯಾರ, ಮುರದ ನೋಡ್ಯಾರ,
ಎಲ್ಲೋ ಕುಂತ ಕಂಪನಿಯಾವರು.
ಇದು ಈ ಹುಡುಗಿಗೆ ಚುಚ್ಚತೈತಿ ಅಂತ ಗೊತ್ತಾದ ಮ್ಯಾಲ
ಅದನ್ನ ಮತ್ತ ಹತ್ತ ಸಲ ತಂದ ಸುರದಾರ.

ಬುಟ್ಯಾಗ ರೊಟ್ಟಿ ಹಂಗ ಉಳಿಯಾಕ ಹತ್ತಿದ್ವು.

ಒಂದಿನ ತಾನೂ ಒಂದ ವಿಡಿಯೋ ಹಾಕಿದ್ಲು,
ಹಿಂದ ಮಾರ್ಕೆಟ್ಟಿನ ಕೆಂಪ ರಾಶಿ, ತಲಿ ಮ್ಯಾಲ ನನ್ನ ಮದುವಿ ಸೀರಿ ಸೆರಗು.
"ಸುಟ್ಟ ಮೆಣಸಿನಕಾಯಿ" ಅಂತ ಯಾರೋ ಬರದ್ರು.
ಅದರ ಕೆಳಗ ನಗೂ ಮುಖ, ನೂರಾ ಹನ್ನೊಂದು.
ಎಣಿಸ್ಯಾಳ. ನನಗೂ ಎಣಿಸಿ ಹೇಳ್ಯಾಳ.
ಅದರಾಗ ಹನ್ನೆರಡು ನಮ್ಮ ಓಣಿಯಾವು,
ನಮ್ಮ ಮನಿ ನೀರು ಕುಡದ ಹುಡುಗೂರವು.

ಇದ ಓಣಿ ಹೋದ ಮಳಿಗಾಲ ಚಾದರ ಮಾರಾಂವನ್ನ
ಮಕ್ಕಳ ಕಳ್ಳ ಅಂತ ಹೊಡದಿತ್ತು. ಫೋನಿನ್ಯಾಗ ಬಂದಿತ್ತಂತ.
ಅದು ಸುಳ್ಳು ಅಂತ ಮರುದಿನ ಬಂತೇನು?
ಸುಳ್ಳು ಓಡಿದಷ್ಟು ಅವರಿಗೆ ಲಾಭ, ಖರೆ ಕುಂಟಿಕೋತ ಬರಲಿ ಅಂತಾರ.
ಅಂವನ ಚಾದರ ಎರಡ ದಿನ ಗಟಾರದಾಗ ತೊಯ್ಸಿಕೋತ ಬಿದ್ದಿದ್ವು.
ನಾ ಬಾಗಲಾ ಹಾಕ್ಕೊಂಡಿದ್ದೆ. ಅದನ್ನೂ ಹೇಳಬೇಕಲ್ಲ.

ಮಾಬುಸಾಬಗ ಕೇಳಿದೆ:
ನನ್ನ ಮಗಳ ರಾತ್ರಿ ಎರಡ ಗಂಟಿ, ದಿನಾ ಯಾರೋ ಒಯ್ಯತಾರ.
ಎಷ್ಟ ತೂಕ? ಯಾವ ಅಂಗಡಿ?
ಅಂವ ಕಾಟಾದ ಮ್ಯಾಲಿನ ಧೂಳ ಒರಸಿದ.
"ಪುಕ್ಕಟೆ ಕೊಟ್ಟ ಮಾಲಿಗೆ ಚೀಟಿ ಇರಂಗಿಲ್ಲ ಯವ್ವಾ" ಅಂದ.
ಆಮ್ಯಾಲ ಮೆಲ್ಲಕ,
"ನಮ್ಮನ್ಯಾಗೂ ಒಬ್ಬಾಂವ ಅದಾನ."

ನಿನ್ನಿ ಕೆಲಸ ಬಿಟ್ಟು ಬಂದ್ರ
ಗೋಡಿ ಕಡೆ ಮುಖ ಮಾಡಿ ಅಳಾಕ ಹತ್ತಿದ್ಲು.
ಒರಸಬೇಕಂದ್ರ ಕೈ ಖಾರ.
ಹದಿನೇಳು ವರ್ಷದ ಖಾರ, ಸಾಬಾಣಕ್ಕ ಬಗ್ಗಂಗಿಲ್ಲ.
ಕೂಸಿದ್ದಾಗೂ ಇಕಿ ಕಣ್ಣ ನಾ ಮೊಣಕೈಲೇ ಒರಸೀನಿ.
ಆ ಫೋನಿನ ಗಾಜು ನೋಡು, ಎಷ್ಟ ತಣ್ಣಗ, ಎಷ್ಟ ನುಣ್ಣಗ.
ಅದನ್ನ ಗಲ್ಲಕ್ಕ ಹಚ್ಚಿಕೊಂಡ ಮಲಗತಾಳ.

ಮೊಣಕೈ ಚಾಚಿದೆ.
"ಕೊಬ್ಬರೆಣ್ಣಿ ಹಚ್ಚಿಕೊಂಡ ಬಾ" ಅಂದ್ಲು, ತಿರುಗಲಾರದ.
ಹಚ್ಚಿಕೊಂಡ ಬಂದೆ.
ಅಷ್ಟರಾಗ ಮತ್ತ ಬೆಳಕ ಹತ್ತಿತ್ತು ಮುಖದ ಮ್ಯಾಲ.

ಎಣ್ಣಿ ಕೈ ಹಿಡಕೊಂಡ ನಿಂತೀನಿ.