ಬಿಟ್ಟ ಬಟ್ಟೆ

ಕಂಕನಾಡಿ ಮಾರ್ಕೆಟ್ಟಿನ ಮಾಳಿಗೆಯಲ್ಲಿ ನನ್ನ ಮೆಷಿನ್ನು.
ಟೇಪಿನಲ್ಲಿ ಮೂವತ್ತಾರು ಅಳಿಸಿಹೋಗಿದೆ,
ಬೆರಳಿಗೆ ಗೊತ್ತುಂಟು.

ಮಗಳ ಸಾಡೊ ಸೀರೆಗೆ ರವಿಕೆ ಹೊಲಿಸುವಾಗ
ಕಾರ್ಮಿನ್ ಬಾಯಿ ಹೇಳಿದ್ದು ಒಂದೇ ಮಾತು:
"ಒಳಗೆ ಎರಡಿಂಚು ಬಿಡು ಮಾರಾಯ್ತಿ,
ಹುಡುಗಿಗೆ ಹೋದ ಮನೆಯಲ್ಲಿ ಉಣ್ಣಲಿಕ್ಕುಂಟು."
ಮೈ ತುಂಬಿದರೆ ಗಂಡನ ಮನೆಗೆ ಹೆಸರು.
ಸಪೂರಾದರೆ ಊರಿಡೀ ಪ್ರಶ್ನೆ.

ಈಗ ಮೊಮ್ಮಗಳು ಜೊವಿಟಾ
ದುಬೈಯಿಂದ ಬಂದು, ಫೋನಿನಲ್ಲಿ ಯಾರದೋ ಸೊಂಟ ತೋರಿಸಿ
ಉಸಿರು ಹಿಡಿದು ನಿಂತಿದ್ದಾಳೆ ಟೇಪಿನೊಳಗೆ.
"ಎರಡಿಂಚು ಕಮ್ಮಿಯೇ ಹೊಲಿಯಿರಿ ಆಂಟಿ,
ಜನವರಿಗೆ ಇಳಿಸ್ತೇನೆ."

ಕಂಕುಳು ಹರಿದ ರವಿಕೆ ಹಿಡಿದು ಬೆಂಚಿನಲ್ಲಿ ಕೂತ
ಮೀನಿನ ಲಚ್ಚಕ್ಕ ನಕ್ಕಳು:
"ನನ್ನ ತೋಳು ಬುಟ್ಟಿ ಕೊಟ್ಟದ್ದು.
ಬುಟ್ಟಿಯನ್ನಾದರೆ ಇಳಿಸಬಹುದು."
ಜೊವಿಟಾ ಆ ತೋಳನ್ನೇ ನೋಡಿದಳು,
ಉಸಿರು ಬಿಟ್ಟದ್ದು ಅವಳಿಗೇ ಗೊತ್ತಾಗಲಿಲ್ಲ.
ನಾನು ಆಗ ಅಳತೆ ಬರೆದುಕೊಂಡೆ.

ತೋಳಿನ ಮಾದರಿಗೆಂದು ಅವಳು ಬಿಟ್ಟುಹೋದದ್ದು
ತಾಯಿಯ ಅದೇ ಮದುವೆ ರವಿಕೆ.
ರಾತ್ರಿ ದೀಪದ ಕೆಳಗೆ ತಿರುಗಿಸಿ ನೋಡಿದೆ.
ಹೊರಗೆ ಕೆಂಪು ಮಾಸಿ ಹಂಚಿನ ಬಣ್ಣ.
ಒಳಗೆ, ನಾನು ಅಂದು ಹಾಕಿದ ಹೊಲಿಗೆಯ ಆಚೆ,
ಎರಡಿಂಚು ಹಾಗೇ ಉಂಟು,
ಒಂದು ನೂಲೂ ಬಿಚ್ಚದೆ,
ಅಂಗಡಿಯಿಂದ ತಂದಷ್ಟು ಕೆಂಪು.