ಏಳು

ವಾರ್ಕೆತಿಲಿಯ ನಮ್ಮ ಕಟ್ಟಡದಲ್ಲಿ ಲಿಫ್ಟು ಕಾಸು ಕೇಳುತ್ತದೆ.
ಹತ್ತು ತೇತ್ರಿಯ ಬಿಲ್ಲೆ ಬಾಯಿಗೆ ಹಾಕಿದರೆ ಮಾತ್ರ
ಕೆಮ್ಮುತ್ತ, ಮೈಮುರಿಯುತ್ತ, ಮೇಲೆ ಹೊರಡುತ್ತದೆ.
ಎಂಟನೇ ಮಹಡಿಯ ನಾಜಿಬ್ರೋಲಾ, ನಾನು ಕಂಡಂತೆ,
ಅದಕ್ಕೆ ಒಂದು ಬಿಲ್ಲೆಯನ್ನೂ ತಿನ್ನಿಸಿಲ್ಲ.

ಜಿಪುಣಿ ಅಂದುಕೊಂಡಿದ್ದೆ.
ಐದನೇ ಮಹಡಿಯವನು ನಾನು, ಟ್ಯಾಕ್ಸಿ ಓಡಿಸುವವನು;
ಕೂತು ಕೂತು ಸೊಂಟ ಸೀಟಿನ ಆಕಾರಕ್ಕೇ ಒಗ್ಗಿಹೋಗಿದೆ.
ಕರೆಂಟು ಹೋದ ಸಂಜೆ ಮೂರನೆಯದರಲ್ಲಿ ನಿಂತು
ಸಿಗರೇಟು ಹುಡುಕುವವನಂತೆ ಜೇಬು ತಡಕುತ್ತ
ಏದುಸಿರು ಅಡಗಿಸುತ್ತಿದ್ದೆ.
ಪಕ್ಕದಲ್ಲೇ ದಾಟಿದಳು. ಎಂಬತ್ತೊಂದು ವಯಸ್ಸು.
ಒಂದು ಕೈಯಲ್ಲಿ ಆಲೂಗಡ್ಡೆ, ಇನ್ನೊಂದರಲ್ಲಿ ಎಲೆಕೋಸು.
ಕಂಬಿ ಮುಟ್ಟಲಿಲ್ಲ.

ಒಂದು ಕಾಲಕ್ಕೆ ಟ್ರಾಲಿಬಸ್ ಓಡಿಸಿದವಳು.
ತಂತಿ ತಪ್ಪಿದಾಗಲೆಲ್ಲ ಕೆಳಗಿಳಿದು, ಹಗ್ಗ ಜಗ್ಗಿ,
ಆ ಎರಡು ಉದ್ದ ಕೋಲುಗಳನ್ನು ಮತ್ತೆ ಆಕಾಶಕ್ಕೆ ಸಿಕ್ಕಿಸುತ್ತಿದ್ದಳಂತೆ,
ಮಳೆಯಲ್ಲಿ, ಬಸುರಿಯಾಗಿದ್ದಾಗ ಕೂಡ.
ಪಿಂಚಣಿಯಾದ ಮೇಲೆ ತೋಳು ಕೇಳಿತಂತೆ:
ಇನ್ನು ನನಗೇನು ಕೆಲಸ?

ಅಕ್ರೋಟು ಒಡೆಯುತ್ತ ಅಕ್ಕನ ಸುದ್ದಿ ಹೇಳಿದಳು ಒಮ್ಮೆ.
ಅಡುಗೆಮನೆಯಲ್ಲಿ ಬಿದ್ದಳು. ಮೂಳೆ ಮುರಿದಿರಲಿಲ್ಲ.
ಏಳಲಾಗಲಿಲ್ಲ, ಅಷ್ಟೆ.
ರಾತ್ರಿಯಿಡೀ ಮೇಜಿನ ಅಡಿಭಾಗ ನೋಡುತ್ತ ಮಲಗಿದ್ದಳು;
ಅಲ್ಲಿ ಬಡಗಿ ಪೆನ್ಸಿಲಿನಲ್ಲಿ ಗೀಚಿದ ಲೆಕ್ಕವೊಂದಿತ್ತಂತೆ,
ಬೆಳಗಾಗುವುದರೊಳಗೆ ಬಾಯಿಪಾಠ.
"ಸಾವು ಬರಲಿ, ಕುರ್ಚಿ ಹಾಕುತ್ತೇನೆ.
ನೆಲ ನನ್ನನ್ನು ಇಟ್ಟುಕೊಳ್ಳಬಾರದು."

ಅದಕ್ಕೇ ದಿನಾ ಬೆಳಿಗ್ಗೆ, ಕಾಫಿ ಉಕ್ಕುವ ಮೊದಲು,
ಕಂಬಳಿಯ ಮೇಲೆ ಕೂರುತ್ತಾಳೆ, ಏಳುತ್ತಾಳೆ,
ಕೈ ಊರದೆ, ಹತ್ತು ಸಲ. ಮಂಡಿ ಬೈಯುತ್ತದೆ.
ಬೈಯಲಿ, ಹಳೇ ನೆಂಟ, ಎನ್ನುತ್ತಾಳೆ.
ಬಾಗಿಲು ಹಾಕಿಕೊಂಡು ನಾನೂ ಮಾಡಿ ನೋಡಿದೆ.
ಮಂಚದ ಕಾಲು ಹಿಡಿದದ್ದು ಹೆಂಡತಿಗೆ ಗೊತ್ತಿಲ್ಲ.

ಈ ಫೆಬ್ರವರಿ, ಹೆಪ್ಪುಗಟ್ಟಿದ ಅಂಗಳದಲ್ಲಿ ಜಾರಿದಳು.
ಸೇಬುಗಳು ಕಾರುಗಳಡಿ ಉರುಳಿದವು.
ಎಂಜಿನ್ನು ಆರಿಸದೆಯೇ ಓಡಿದೆ.
"ಮುಟ್ಟಬೇಡ. ಅಲ್ಲೇ ನಿಲ್ಲು. ಎಣಿಸು."

ಎಣಿಸಿದೆ. ಮಗ್ಗುಲಾದಳು. ಒಂದು ಮಂಡಿ.
ಹಿಮದ ಮೇಲೆ ಒಂದು ಅಂಗೈಯ ಅಚ್ಚು.
ಐದು. ಆರು. ಏಳು.
ಏಳು, ಏಳು, ಎನ್ನುತ್ತಲೇ ನಿಂತುಬಿಟ್ಟೆ ನಾನು;
ಆಕೆಯೇ ಗದರಿದಳು: "ಮುಂದೆ!"

ಹನ್ನೊಂದಕ್ಕೆ ನಿಂತಿದ್ದಳು,
ಕೋಟು ಕೊಡವುತ್ತ, ಮುಖವೆಲ್ಲ ಕೆಂಪು, ಸಿಟ್ಟು.
"ಜಾಸ್ತಿಯಾಯಿತು," ಎಂದಳು. "ಹೋದ ವರ್ಷ ಒಂಬತ್ತು."
ಆಮೇಲೆ ನನ್ನ ಕಡೆ ತಿರುಗಿ:
"ಏನು ನೋಡುತ್ತೀ, ಸೇಬು ಹೆಕ್ಕು.
ಸೊಂಟ ಬಗ್ಗಿಸಬೇಡ. ಮಂಡಿ, ಮಂಡಿ."