ಸ್ವಿಚ್ಚು ಆಕೆಯ ಕಡೆಗೆ

ಹಾಸನದ ಸಂತೇಪೇಟೆಯ ನನ್ನ ಶೆಡ್ಡಿಗೆ
ಸಂಜೆ ಬರುವ ಹುಡುಗರು ನೀಲಿ ಕೇಳುತ್ತಾರೆ, ನೇರಳೆ ಕೇಳುತ್ತಾರೆ,
ಹಾಡಿಗೆ ತಕ್ಕಂಗೆ ಮಿಣುಕೋದು ಇದೆಯಾ ಅಂಕಲ್ ಅನ್ನುತ್ತಾರೆ.
ಇದೆ. ಡಬ್ಬದ ತುಂಬ ಸುರುಳಿ ಸುತ್ತಿಟ್ಟಿದ್ದೇನೆ ಕಾಮನಬಿಲ್ಲು,
ಮೀಟರಿಗೆ ನೂರಾ ನಲವತ್ತು.

ಚೆಲುವಯ್ಯ ಬಂದದ್ದು ಮಧ್ಯಾಹ್ನ, ನಾನು ಊಟಕ್ಕೆ ಕೂತಾಗ.
ಹಳೇ ಓಮ್ನಿ. ಹಿಂದೆ ಬಿತ್ತನೆ ಆಲೂಗೆಡ್ಡೆಯ ಖಾಲಿ ಚೀಲ.
"ಬಿಳಿ ಸಾಕು, ಕೈ ಕಂಡರೆ ಸಾಕು."
ಯಾರ ಕೈ?
ಪಕ್ಕದ ಸೀಟಿನ ಹೆಂಗಸು ನನ್ನ ತುಟಿಯನ್ನೇ ನೋಡುತ್ತಿದ್ದರು
ಮುಳ್ಳು ತೆಗೆಯುವಾಗ ಹಿಮ್ಮಡಿ ನೋಡುವ ಹಾಗೆ.

"ದುದ್ದ ದಾಟೋ ಅಷ್ಟರಲ್ಲಿ ಕತ್ತಲಾಗುತ್ತೆ ಸಾಬರೇ,
ಅಲ್ಲಿಗೆ ನಮ್ಮ ಮಾತು ಬಂದ್.
ಅರ್ಧ ಹೇಳಿದ್ದು ಅರ್ಧಕ್ಕೇ. ಮನೆ ಮುಟ್ಟೋ ಹೊತ್ತಿಗೆ
ಇವಳಿಗೆ ಅದು ಸಿಟ್ಟಾಗಿರುತ್ತೆ, ನನಗೆ ಮರೆತಿರುತ್ತೆ."

ಮೊದಲು ತಲೆಯ ಮೇಲೆ ಅಂಟಿಸಿದೆ. ತಪ್ಪಾಯಿತು.
ಶಟರ್ ಎಳೆದು ನೋಡಿದರೆ ಮುಂದಿನ ಗಾಜಿನ ತುಂಬ
ಅವರಿಬ್ಬರೇ, ರಸ್ತೆಯೇ ಇಲ್ಲ.
ಕಿತ್ತೆ. ಡ್ಯಾಶಿನ ಕೆಳಗೆ, ಮೊಣಕಾಲ ಮಟ್ಟಕ್ಕೆ
ಮೂರು ಮೂರು ಬಲ್ಬಿನ ಎರಡು ತುಂಡು;
ಕೆಂಪು ಫ್ಯೂಸಿಗೆ, ಕಪ್ಪು ಬಾಡಿಗೆ,
ಬಣ್ಣ ಕೆರೆದು, ತಗಡು ಹೊಳೆಯುವ ತನಕ ಕೆರೆದು.
ಅರ್ಥ್ ಸಡಿಲಿದ್ದರೆ ಎಂಥ ಬೆಳಕೂ ತೊದಲುತ್ತದೆ.

ಕೀಲಿಗೆ ಸೇರಿಸಲಾ, ನೇರ ಬ್ಯಾಟರಿಗಾ?
ಆತ ಆಕೆಯ ಕಡೆ ತಿರುಗಿದ.
ಬೆರಳು ಮಡಿಚಿದವು, ಬಿಚ್ಚಿದವು, ಒಮ್ಮೆ ಎದೆಗೆ ತಟ್ಟಿದವು.
"ನೇರವೇ ಕೊಡಿ. ಗಾಡಿ ನಿಲ್ಲಿಸಿ ಜಗಳ ಆಡೋದೂ ಇರುತ್ತಲ್ಲ."
ಆಮೇಲೆ, ತುಸು ಸಣ್ಣ ದನಿಯಲ್ಲಿ,
"ಸ್ವಿಚ್ಚು ನನ್ನ ಕಡೆ ಬೇಡವಂತೆ."

ತೌಸೀಫ್ ಸ್ಪ್ಯಾನರ್ ಕೊಡುತ್ತಾ ಕಿಸಕ್ಕೆಂದ.
ಗದರಿಸಿದೆ. ನನಗೂ ನಗು ಬಂದಿತ್ತು.

ಹದಿನೈದು ದಿನ ಕಳೆದಿರಬೇಕು. ರಾತ್ರಿ, ರೈಲ್ವೆ ಗೇಟು ಬಿದ್ದಿದೆ.
ಸಾಲಿನ ತುಂಬ ನಾನೇ ಕಟ್ಟಿದ ನೀಲಿ, ನಾನೇ ಕಟ್ಟಿದ ನೇರಳೆ
ಡಬ್ ಡಬ್ ಎಂದು ಕುಣಿಯುತ್ತಿವೆ.
ನನ್ನ ಸ್ಕೂಟರಿನ ಪಕ್ಕದಲ್ಲೇ ಆ ಓಮ್ನಿ.
ಒಳಗೆ ನಾಲ್ಕು ಕೈ.
ಒಂದು ಜೊತೆ ಜೋರು, ಒಂದು ಜೊತೆ ಸಮಜಾಯಿಷಿ.
ಗೂಡ್ಸು ಗಾಡಿ ದಡದಡ ಹೋಗುವಾಗಲೂ
ಅವರಿಗೆ ದನಿ ಏರಿಸುವ ಕೆಲಸವಿರಲಿಲ್ಲ.

ಗೇಟು ಎದ್ದಿತು. ಹಿಂದಿನವರು ಹಾರ್ನ್ ಒತ್ತಿದರು.
ಆತ ಇನ್ನೇನೋ ಹೇಳಲು ಕೈ ಎತ್ತಿದ.
ಟಕ್.
ಕತ್ತಲು.
ಎತ್ತಿದ ಕೈ ಗೇರಿಗೆ ಹೋಗಿರಬೇಕು, ಓಮ್ನಿ ಹೊರಟಿತು.

ಆ ಸ್ವಿಚ್ಚಿಗೆ ಬರೀ ಮೂವತ್ತೈದು ರೂಪಾಯಿ ಹಾಕಿದ್ದೆ.
ಕಡಿಮೆಯೇ ಆಯಿತು.